ಬೊಲೊನ್ಯಾದ ಪರದೇಶಿಗಳು: ಯುರೋಪಿನ ಕಾನೂನು ವ್ಯಾಸಂಗದ ಚರಿತ್ರೆಯ ಒಂದು ಎಳೆ

ಅಂತರರಾಷ್ಟ್ರೀಯ ಮತ್ತು ಯುರೋಪಿಯನ್ ಕಾನೂನಿನಲ್ಲಿ ಸ್ನಾತಕೋತ್ತರ ಪದವಿ ಎಂಬುದು ಎರಡನೆಯ ಮಹಾಯುದ್ಧದ ನಂತರದ ಸೃಷ್ಟಿ ಎಂದೇ ಸಾಮಾನ್ಯವಾಗಿ ತಿಳಿಯಲಾಗಿದೆ. ಪಠ್ಯವಿಷಯದ ಮಟ್ಟಿಗೆ ಈ ತಿಳಿವಳಿಕೆ ತಪ್ಪಲ್ಲ. ಆದರೆ ಕಾನೂನು ಕಲಿಯಲೆಂದು ತನ್ನ ನಾಡನ್ನು ಬಿಟ್ಟು ಹೋದವನಿಗೆ ಯಾವ ಕಾನೂನು ಅನ್ವಯಿಸಬೇಕು ಎಂಬ ಪ್ರಶ್ನೆಯು ಈ ಪದವಿಗಿಂತ ಎಂಟು ಶತಮಾನಗಳಷ್ಟು ಹಳೆಯದು. ಕನ್ನಡದ ‘ಪರದೇಶಿ’ ಎಂಬ ಪದಕ್ಕೆ ಹೊರನಾಡಿನವನು ಎಂಬ ಅರ್ಥದ ಜೊತೆಗೆ ದಿಕ್ಕಿಲ್ಲದವನು ಎಂಬ ಅರ್ಥವೂ ಇದೆ. ಈ ಎರಡು ಅರ್ಥಗಳ ನಡುವಣ ಅಂತರವನ್ನು ತುಂಬುವ ಪ್ರಯತ್ನವಾಗಿಯೇ ಯುರೋಪಿನ ಕಾನೂನು ವ್ಯಾಸಂಗದ ಚರಿತ್ರೆಯನ್ನು ಓದಲು ಸಾಧ್ಯವಿದೆ.

ಹನ್ನೊಂದನೆಯ ಶತಮಾನದ ಕೊನೆ ಮತ್ತು ಹನ್ನೆರಡನೆಯ ಶತಮಾನದ ಆರಂಭದಲ್ಲಿ ಇಟಲಿಯ ಬೊಲೊನ್ಯಾ ನಗರದಲ್ಲಿ ಇರ್ನೇರಿಯಸ್ ಎಂಬ ವಿದ್ವಾಂಸನು ರೋಮನ್ ಚಕ್ರವರ್ತಿ ಜಸ್ಟಿನಿಯನ್ನನ ಕಾನೂನು ಸಂಗ್ರಹಗಳಿಗೆ ಸಾಲುಗಳ ನಡುವೆಯೂ ಅಂಚಿನಲ್ಲಿಯೂ ಟಿಪ್ಪಣಿ ಬರೆದು ಪಾಠ ಹೇಳುತ್ತಿದ್ದನು. ವಿಶ್ವವಿದ್ಯಾಲಯವು ತನ್ನ ಸ್ಥಾಪನೆಯ ವರ್ಷವೆಂದು ಹೇಳಿಕೊಳ್ಳುವ 1088 ಸಂಪ್ರದಾಯ ಒಪ್ಪಿಕೊಂಡ ವರ್ಷವೇ ಹೊರತು ದಾಖಲೆಯ ವರ್ಷವಲ್ಲ. ಆಲ್ಪ್ಸ್ ಪರ್ವತಗಳ ಆಚೆಯಿಂದಲೂ ವಿದ್ಯಾರ್ಥಿಗಳು ಇಲ್ಲಿಗೆ ನಡೆದು ಬಂದರು. ಅವರನ್ನು ಕಾಡಿದ ದೊಡ್ಡ ತೊಂದರೆಯೆಂದರೆ ಸಾಲ, ಅದರಲ್ಲೂ ತಮ್ಮದಲ್ಲದ ಸಾಲ. ಒಂದು ಊರಿನವನು ಸಾಲ ತೀರಿಸದೆ ಹೋದರೆ ಅದೇ ಊರಿನ ಬೇರೊಬ್ಬನ ವಸ್ತುಗಳನ್ನು ವಶಪಡಿಸಿಕೊಳ್ಳುವ ಪದ್ಧತಿ ಆಗ ಪ್ರಚಲಿತವಾಗಿತ್ತು. ಎಲ್ಲಿಯೋ ಯಾರೋ ವ್ಯಾಪಾರಿ ಮಾಡಿದ ಸಾಲಕ್ಕೆ ಬೊಲೊನ್ಯಾದ ಬಾಡಿಗೆ ಕೋಣೆಯಲ್ಲಿದ್ದ ವಿದ್ಯಾರ್ಥಿಯ ಪುಸ್ತಕಗಳು ಹೋಗಬಹುದಾಗಿತ್ತು.

ಚಕ್ರವರ್ತಿ ಮೊದಲನೆಯ ಫ್ರೆಡರಿಕ್ 1155ರ ಸುಮಾರಿಗೆ, ಕೆಲವರ ಮತದಂತೆ 1158ರಲ್ಲಿ, ಹೊರಡಿಸಿದ ‘ಹಬೀತಾ’ ಎಂಬ ಶಾಸನವು ಈ ಪದ್ಧತಿಯನ್ನು ವಿದ್ಯಾರ್ಥಿಗಳ ಮಟ್ಟಿಗೆ ನಿಷೇಧಿಸಿತು. ವ್ಯಾಸಂಗಕ್ಕಾಗಿ ಸಂಚರಿಸುವವರಿಗೆ ರಕ್ಷಣೆ ನೀಡಿತು. ಅವರ ಮೇಲೆ ದಾವೆ ಬಂದರೆ ತಮ್ಮ ಗುರುವಿನ ಮುಂದೆ ಅಥವಾ ನಗರದ ಬಿಷಪ್ಪನ ಮುಂದೆ ವಿಚಾರಣೆ ನಡೆಯಬೇಕೆಂದು ಆರಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿತು. ಈ ಶಾಸನವನ್ನು ಜಸ್ಟಿನಿಯನ್ನನ ಸಂಹಿತೆಯೊಳಗೇ ಸೇರಿಸಲಾಯಿತು. ತಂದೆಯ ಸಾಲಕ್ಕೆ ಮಗ ಹೊಣೆಯಲ್ಲ ಎಂಬ ವಿಷಯದ ಪ್ರಕರಣದಲ್ಲಿ ಅದಕ್ಕೆ ಸ್ಥಾನ ದೊರೆತದ್ದು ಅರ್ಥಪೂರ್ಣವಾಗಿದೆ. ಹೀಗೆ ಕಾನೂನು ಓದಲು ಬಂದವರು ತಾವು ಓದುವ ಗ್ರಂಥದೊಳಗೇ ಒಂದು ಪುಟವಾದರು.

ಬೊಲೊನ್ಯಾದ ವಿದ್ಯಾರ್ಥಿಗಳು ತಮ್ಮ ತಮ್ಮ ನಾಡುಗಳಿಗೆ ಅನುಸಾರವಾಗಿ ‘ನೇಷನ್’ಗಳೆಂಬ ಕೂಟಗಳನ್ನು ಕಟ್ಟಿಕೊಂಡರು. ಈ ಪದಕ್ಕೆ ರಾಷ್ಟ್ರ ಎಂಬ ಅರ್ಥ ಆಗಿನ್ನೂ ಬಂದಿರಲಿಲ್ಲ. ಕೂಟಗಳು ಸೇರಿ ತಮ್ಮ ರೆಕ್ಟರುಗಳನ್ನು ಚುನಾಯಿಸುತ್ತಿದ್ದವು, ಅಧ್ಯಾಪಕರಿಗೆ ಸಂಬಳ ಕೊಡುತ್ತಿದ್ದವು. ಗಂಟೆ ಬಾರಿಸಿದ ಮೇಲೂ ಪಾಠ ಮುಂದುವರಿಸಿದ ಅಧ್ಯಾಪಕರಿಗೆ ದಂಡವನ್ನೂ ವಿಧಿಸುತ್ತಿದ್ದವು. ಬೊಲೊನ್ಯಾದ ಸ್ವಂತ ಪ್ರಜೆಗಳಾದ ವಿದ್ಯಾರ್ಥಿಗಳಿಗೆ ಈ ಕೂಟಗಳಲ್ಲಿ ಪೂರ್ಣ ಸದಸ್ಯತ್ವ ಇರಲಿಲ್ಲ. ನಗರದ ಕಾನೂನೇ ಅವರನ್ನು ಕಾಯುತ್ತಿದ್ದುದರಿಂದ ಅವರಿಗೆ ಅದರ ಅಗತ್ಯವೂ ಇರಲಿಲ್ಲ. ರಕ್ಷಣೆ ಬೇಕಾದದ್ದು ಪರದೇಶಿಗೆ, ಮತ್ತು ಪರದೇಶಿಯಾಗಿದ್ದ ಕಾರಣಕ್ಕೇ ಅವನಿಗದು ದೊರೆಯಿತು.

ಬೊಲೊನ್ಯಾದಲ್ಲಿ ಕಲಿತವನು ತನ್ನ ನಾಡಿಗೆ ಮರಳಿದ ಮೇಲೂ ಅದೇ ವಿದ್ಯೆಯಿಂದ ಬಾಳಬಹುದಾಗಿತ್ತು. ಏಕೆಂದರೆ ರೋಮನ್ ಕಾನೂನು ಮತ್ತು ಚರ್ಚಿನ ಕಾನೂನು ಖಂಡದ ಹೆಚ್ಚಿನ ಭಾಗಕ್ಕೆ ಸಾಮಾನ್ಯವಾದ ವಿದ್ಯೆಯಾಗಿದ್ದವು. ಪ್ರಷ್ಯದ 1794ರ, ಫ್ರಾನ್ಸಿನ 1804ರ ಮತ್ತು ಆಸ್ಟ್ರಿಯದ 1811ರ ಸಂಹಿತೆಗಳು ಈ ಸಾಮಾನ್ಯತೆಯನ್ನು ಮುರಿದವು. ಕಾನೂನು ವ್ಯಾಸಂಗವು ರಾಷ್ಟ್ರದ ಗಡಿಯೊಳಗೆ ಬಂದು ನಿಂತಿತು.

ಈ ಘಟ್ಟದಲ್ಲಿ ಜಾನಪದ ಅಧ್ಯಯನದ ಚರಿತ್ರೆಯೂ ಬಂದು ಸೇರುವುದು ಆಕಸ್ಮಿಕವಲ್ಲ. ಯಾಕೋಬ್ ಗ್ರಿಮ್ 1802ರಲ್ಲಿ ಮಾರ್‌ಬುರ್ಗ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಕಥೆಗಳನ್ನು ಸಂಗ್ರಹಿಸಲಿಕ್ಕಲ್ಲ, ಕಾನೂನು ಓದಲಿಕ್ಕೆ. ಅಲ್ಲಿ ಅವನ ಗುರು ಫ್ರೀಡ್ರಿಶ್ ಕಾರ್ಲ್ ಫೊನ್ ಸಾವಿನ್ಯಿ. 1805ರಲ್ಲಿ ಗುರುವಿನ ಸಂಶೋಧನೆಗೆ ನೆರವಾಗಲು ಗ್ರಿಮ್ ಪ್ಯಾರಿಸ್ಸಿಗೂ ಹೋದನು. ಮಧ್ಯಯುಗದ ರೋಮನ್ ಕಾನೂನಿನ ಚರಿತ್ರೆಯನ್ನು ಬರೆದು ಬೊಲೊನ್ಯಾದ ಟಿಪ್ಪಣಿಕಾರರನ್ನು ಮತ್ತೆ ಬೆಳಕಿಗೆ ತಂದವನು ಸಾವಿನ್ಯಿಯೇ. ಶಾಸಕರು ಕಟ್ಟುವ ಮುನ್ನ ಕಾನೂನು ಜನರ ರೂಢಿಯಲ್ಲಿ ಬೆಳೆಯುತ್ತದೆ ಎಂದು 1814ರಲ್ಲಿ ವಾದಿಸಿದವನೂ ಅವನೇ. ಶಿಷ್ಯನು ಈ ವಾದವನ್ನು ಗುರುವಿಗಿಂತಲೂ ಗಂಭೀರವಾಗಿ ತೆಗೆದುಕೊಂಡನು ಎನ್ನಬೇಕು. ಗ್ರಿಮ್ ಸಹೋದರರ ಕಥಾಸಂಕಲನದ ಮೊದಲ ಸಂಪುಟ 1812ರಲ್ಲಿ ಬಂದಿತು. ಅನಂತರ ಕಾನೂನಿನಲ್ಲಿರುವ ಕಾವ್ಯವನ್ನು ಕುರಿತ ಯಾಕೋಬನ ದೀರ್ಘ ಪ್ರಬಂಧವು ಸಾವಿನ್ಯಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. 1828ರ ‘ಜರ್ಮನ್ ಕಾನೂನಿನ ಪ್ರಾಚೀನತೆಗಳು’ ಗ್ರಂಥದಲ್ಲಿ ಭೂಮಿಯನ್ನು ಹಸ್ತಾಂತರಿಸುವಾಗ ಹುಲ್ಲುಹೆಂಟೆ ಮತ್ತು ರೆಂಬೆಯನ್ನು ಕೊಡುವ ಪದ್ಧತಿ, ಸುತ್ತಿಗೆಯನ್ನು ಎಸೆದು ಅದು ಬಿದ್ದಲ್ಲಿಗೆ ಗಡಿ ನಿರ್ಧರಿಸುವ ಪದ್ಧತಿ, ಪ್ರಾಸಬದ್ಧವಾದ ಪ್ರಮಾಣವಚನಗಳು ಎಲ್ಲವೂ ಕಾನೂನಿನ ಆಕರಗಳಾಗಿವೆ. 1840ರಿಂದ ಅವನು ಹಳ್ಳಿಗಳ ರೂಢಿಗತ ಹಕ್ಕುಬಾಧ್ಯತೆಗಳ ಹೇಳಿಕೆಗಳನ್ನು ಸಂಪುಟಗಳಲ್ಲಿ ಪ್ರಕಟಿಸತೊಡಗಿದನು. ಕಥೆಗಳ ಗ್ರಿಮ್ ಲೋಕಕ್ಕೆಲ್ಲ ಪರಿಚಿತನಾದನು. ಕಾನೂನಿನ ಗ್ರಿಮ್ ಗ್ರಂಥಾಲಯದ ಕಪಾಟಿನಲ್ಲಿ ಉಳಿದನು.

ಇಂದಿನ ತರಗತಿಯಲ್ಲಿ ರೂಢಿ ಎಂಬ ಪದ ಕೇಳಿಬರುವುದು ಅಂತರರಾಷ್ಟ್ರೀಯ ಕಾನೂನಿನ ಭಾಗದಲ್ಲಿ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಕಾಯಿದೆಯ 38ನೆಯ ಅನುಚ್ಛೇದವು ಒಪ್ಪಂದಗಳ ಜೊತೆಗೆ ರೂಢಿಯನ್ನೂ ಕಾನೂನಿನ ಮೂಲವೆಂದು ಗುರುತಿಸುತ್ತದೆ. ಆದರೆ ಅಲ್ಲಿ ರೂಢಿಯ ಕರ್ತೃಗಳು ಮುಖ್ಯವಾಗಿ ರಾಜ್ಯಗಳು, ಹಳ್ಳಿಯ ಹಿರಿಯರಲ್ಲ. ದಾದ್ರಾ ಮತ್ತು ನಗರ ಹವೇಲಿಗೆ ಭಾರತದ ನೆಲದ ಮೂಲಕ ಹಾದುಹೋಗುವ ಹಕ್ಕಿಗಾಗಿ ಪೋರ್ಚುಗಲ್ ಹೂಡಿದ ದಾವೆಯಲ್ಲಿ, ಎರಡೇ ರಾಜ್ಯಗಳ ನಡುವೆಯೂ ದೀರ್ಘಕಾಲದ ನಡವಳಿಕೆಯಿಂದ ರೂಢಿ ನೆಲೆಗೊಳ್ಳಬಹುದೆಂದು ನ್ಯಾಯಾಲಯ 1960ರಲ್ಲಿ ಒಪ್ಪಿತು. ಖಾಸಗಿ ವ್ಯಕ್ತಿಗಳಿಗೆ, ನಾಗರಿಕ ಅಧಿಕಾರಿಗಳಿಗೆ ಮತ್ತು ಸರಕಿಗೆ ಆ ಹಕ್ಕು ಇತ್ತು, ಸಶಸ್ತ್ರ ಪಡೆಗಳಿಗೆ ಇರಲಿಲ್ಲ ಎಂಬುದು ತೀರ್ಪು. ಮಂಗಳೂರಿನಲ್ಲಿ 1887ರಲ್ಲಿ ಜನಿಸಿದ ಬೆನಗಲ್ ನರಸಿಂಗ ರಾವ್ ಅವರು 1952ರಿಂದ 1953ರಲ್ಲಿ ನಿಧನರಾಗುವವರೆಗೆ ಇದೇ ನ್ಯಾಯಾಲಯದ ನ್ಯಾಯಾಧೀಶರಾಗಿದ್ದರು. ಅಂದರೆ ಪದವಿಯ ಈ ಅರ್ಧಭಾಗದಲ್ಲಿ ಭಾರತದ ವಿದ್ಯಾರ್ಥಿ ಹೊರಗಿನವನಲ್ಲ.

ಉಳಿದರ್ಧದ ಸ್ಥಿತಿ ಬೇರೆ. ಬ್ರೂಜ್ ನಗರದಲ್ಲಿ 1949ರಲ್ಲಿ ಯುರೋಪ್ ಕಾಲೇಜು ಆರಂಭವಾಯಿತು. 1957ರ ರೋಮ್ ಒಪ್ಪಂದದಿಂದ ಆರ್ಥಿಕ ಸಮುದಾಯ ರೂಪುಗೊಂಡಿತು. 1963 ಮತ್ತು 1964ರ ತೀರ್ಪುಗಳಲ್ಲಿ ಲಕ್ಸೆಂಬರ್ಗಿನ ನ್ಯಾಯಾಲಯವು ಸಮುದಾಯದ ಕಾನೂನು ವ್ಯಕ್ತಿಗಳಿಗೆ ನೇರವಾಗಿ ಹಕ್ಕು ನೀಡಬಲ್ಲದು, ರಾಷ್ಟ್ರೀಯ ಕಾನೂನಿಗಿಂತ ಅದು ಮೇಲಿನದು ಎಂದು ಸಾರಿದ ಮೇಲೆ ಕಲಿಸಲು ಒಂದು ಸ್ವತಂತ್ರ ವಿಷಯವೇ ದೊರೆತಂತಾಯಿತು. ಈ ಕಾನೂನನ್ನು ಬೆಳೆಸಿದವರಲ್ಲಿ ಮತ್ತೆ ವಿದ್ಯಾರ್ಥಿಗಳು ಕಾಣಿಸಿಕೊಳ್ಳುತ್ತಾರೆ. ಬೆಲ್ಜಿಯಮ್ಮಿನ ಲಿಯೇಜ್‌ನಲ್ಲಿ ಚಿತ್ರಕಥಾ ಕಲೆ ಕಲಿಯಲು ಬಂದ ಫ್ರೆಂಚ್ ವಿದ್ಯಾರ್ಥಿನಿಯೊಬ್ಬಳಿಂದ ವಿದೇಶೀಯರಿಗೆಂದೇ ಇದ್ದ ಶುಲ್ಕವನ್ನು ಕೇಳಲಾಯಿತು. ಸದಸ್ಯರಾಷ್ಟ್ರಗಳ ಪ್ರಜೆಗಳ ನಡುವೆ ಇಂಥ ಭೇದ ಸಲ್ಲದೆಂದು 1985ರಲ್ಲಿ ತೀರ್ಪಾಯಿತು. 1988ರಲ್ಲಿ ಅದು ವಿಶ್ವವಿದ್ಯಾಲಯದ ವ್ಯಾಸಂಗಕ್ಕೂ ವಿಸ್ತರಿಸಿತು. ಮೂರು ವರ್ಷ ಸಣ್ಣಪುಟ್ಟ ಕೆಲಸ ಮಾಡಿ ಓದಿ, ನಾಲ್ಕನೆಯ ವರ್ಷದಲ್ಲಿ ಜೀವನಾಧಾರ ಭತ್ಯೆ ಬೇಡಿದ ಇನ್ನೊಬ್ಬ ಫ್ರೆಂಚ್ ವಿದ್ಯಾರ್ಥಿಯ ಪ್ರಕರಣದಲ್ಲಿ 2001ರಲ್ಲಿ ಯುರೋಪಿಯನ್ ಪೌರತ್ವದ ಅರ್ಥವೇ ಹಿಗ್ಗಿತು.

1999ರ ಜೂನ್ 19ರಂದು 29 ದೇಶಗಳ ಶಿಕ್ಷಣ ಮಂತ್ರಿಗಳು ಏಕರೂಪದ ಪದವಿ ಹಂತಗಳಿಗಾಗಿ ಘೋಷಣೆಗೆ ಸಹಿ ಹಾಕಿದ್ದು ಅದೇ ಬೊಲೊನ್ಯಾದಲ್ಲಿ. ವ್ಯಾಸಂಗದ ಶ್ರಮವನ್ನು ಕ್ರೆಡಿಟ್‌ಗಳಲ್ಲಿ ಅಳೆಯುವ, ಒಂದು ವರ್ಷಕ್ಕೆ 60 ಎಂದು ಎಣಿಸುವ ಪದ್ಧತಿ ಎಲ್ಲೆಡೆ ಬೇರೂರಿತು. ಜರ್ಮನಿಯ ಕಾನೂನು ವಿಭಾಗಗಳು ಮಾತ್ರ ತಮ್ಮ ರಾಜ್ಯಪರೀಕ್ಷೆಯನ್ನು ಬಿಟ್ಟುಕೊಡಲಿಲ್ಲ.

ಹೊಸ ಬೊಲೊನ್ಯಾದಲ್ಲಿ ರಕ್ಷಣೆಯ ದಿಕ್ಕು ಹಳೆಯದಕ್ಕೆ ವಿರುದ್ಧವಾಗಿದೆ. ಅಂದು ನಗರದ ಪ್ರಜೆ ಕೂಟದ ಹೊರಗಿದ್ದನು, ಪರದೇಶಿ ಒಳಗಿದ್ದನು. ಇಂದು ಸಮಾನ ಶುಲ್ಕದ ಹಕ್ಕು ಒಕ್ಕೂಟದ ಪೌರರಿಗೆ ಸಲ್ಲುತ್ತದೆ. ಸ್ವೀಡನ್ 2011ರಲ್ಲಿ, ಫಿನ್‌ಲ್ಯಾಂಡ್ 2017ರಲ್ಲಿ, ಒಕ್ಕೂಟದ ಸದಸ್ಯನಲ್ಲದಿದ್ದರೂ ಬೊಲೊನ್ಯಾ ಘೋಷಣೆಗೆ ಸಹಿ ಹಾಕಿದ ನಾರ್ವೆ 2023ರಲ್ಲಿ ಹೊರಗಿನ ವಿದ್ಯಾರ್ಥಿಗಳಿಗೆಂದೇ ಶುಲ್ಕವನ್ನು ಜಾರಿಗೆ ತಂದವು. ಬೆಂಗಳೂರಿನಿಂದಲೋ ಧಾರವಾಡದಿಂದಲೋ ಕಾನೂನು ಪದವಿ ಮುಗಿಸಿ ಅಲ್ಲಿಗೆ ಹೋಗುವವರ ಸ್ಥಿತಿಯನ್ನು ಒಕ್ಕೂಟದ ಬಹುತೇಕ ರಾಷ್ಟ್ರಗಳಲ್ಲಿ ನಿರ್ಧರಿಸುವುದು 2016ರ ಮೇ 11ರ ಒಂದು ನಿರ್ದೇಶನ. ವಾರಕ್ಕೆ ಕನಿಷ್ಠ 15 ಗಂಟೆ ದುಡಿಯಲು ಅವಕಾಶ, ವ್ಯಾಸಂಗ ಮುಗಿದ ಮೇಲೆ ಉದ್ಯೋಗ ಹುಡುಕಲು ಕನಿಷ್ಠ ಒಂಬತ್ತು ತಿಂಗಳ ವಾಸ್ತವ್ಯ ಅದರಲ್ಲಿವೆ. ಆ ನಿರ್ದೇಶನವೂ 1985ರ ಲಿಯೇಜ್ ತೀರ್ಪೂ ಅವರು ಓದಬೇಕಾದ ಕಾನೂನಿನ ಭಾಗಗಳೇ. ಎರಡನೆಯದನ್ನು ಅವರು ಹೆಚ್ಚಿನ ಶುಲ್ಕವನ್ನು ತೆತ್ತು ಓದುತ್ತಾರೆ.