ಕುಂಚದ ಅಕ್ಷರ, ಅಚ್ಚಿನ ಅಕ್ಷರ

ಗೋಡೆಯ ಮೇಲೆ ಹೆಸರು ಬರೆಯುವವರು ಮೊದಲು ಬಣ್ಣ ಸವರಿದ ದಾರ ಎಳೆದು ಬಿಟ್ಟು ಎರಡು ಗೆರೆ ಮೂಡಿಸಿಕೊಳ್ಳುತ್ತಾರೆ. ಸೀಮೆಸುಣ್ಣದಲ್ಲಿ ಅಕ್ಷರದ ಹೊರರೇಖೆ, ಆಮೇಲೆ ಚಪ್ಪಟೆ ಕುಂಚದಲ್ಲಿ ಎನಾಮಲ್ ಬಣ್ಣ, ಕೊನೆಗೆ ಒಂದು ಮಗ್ಗುಲಿಗೆ ನೆರಳು. ದೂರದಿಂದ ಕಾಣಬೇಕಾದ್ದರಿಂದ ಅಕ್ಷರ ದಪ್ಪ. ಆದರೆ ಕನ್ನಡವನ್ನು ಎರಡು ಗೆರೆಗಳ ನಡುವೆ ಕಟ್ಟಿಹಾಕುವುದು ಇಂಗ್ಲಿಷಿನಷ್ಟು ಸುಲಭವಲ್ಲ. ‘ಸಿರುಗುಪ್ಪ’ ಎಂದು ಬರೆಯುವವನು ಕೊನೆಯ ಒತ್ತಿಗೆ ಮೊದಲೇ ಕೆಳಗೆ ಜಾಗ ಬಿಟ್ಟಿರಬೇಕು. ‘ಬಳ್ಳಾರಿ’ಯದೂ ಅದೇ ಪಾಡು. ‘ಕುರುಗೋಡು’ ಒತ್ತಿಲ್ಲದ ಹೆಸರು. ಅಲ್ಲಿ ಕುಂಚಕ್ಕೆ ಮೂರು ಕೊಂಬುಗಳ ಸಂಭ್ರಮ.

ಕುರುಗೋಡು ಸಿಂದ ಅರಸರ ಊರು. ಅಲ್ಲಿ ಹನ್ನೆರಡನೆಯ ಶತಮಾನದ ಕನ್ನಡ ಶಾಸನಗಳಿವೆ. ಆಗ ಕನ್ನಡ ಮತ್ತು ತೆಲುಗು ಲಿಪಿಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ಅವು ಬೇರೆಯಾಗಿ, ಮುದ್ರಣದ ಕಾಲದಲ್ಲಿ ಆ ಬೇರ್ಪಾಡು ಗಟ್ಟಿಯಾಯಿತು.

ಮುದ್ರಣದ ಕಥೆಯಲ್ಲಿ ಬಳ್ಳಾರಿಗೆ ದೊಡ್ಡ ಪಾಲಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತಂದ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪತ್ರಿಕೆ. ಕಲ್ಲಚ್ಚು ಎಂದರೆ ಒಂದರ್ಥದಲ್ಲಿ ಕೈಬರಹವೇ: ಜಿಡ್ಡಿನ ಮಸಿಯಲ್ಲಿ ಬರೆದದ್ದು ಕಲ್ಲಿನ ಮೂಲಕ ಕಾಗದಕ್ಕೆ ಇಳಿಯುತ್ತದೆ. ಮರುವರ್ಷ, 1844ರಲ್ಲಿ, ಪತ್ರಿಕೆ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವಾಯಿತು, ಮೊಳೆ ಜೋಡಿಸಿ ಅಚ್ಚಾಯಿತು. ಕನ್ನಡದ ಮೊದಲ ಪತ್ರಿಕೆ ಕೈಬರಹ ಬಿಟ್ಟು ಅಚ್ಚಿನ ಮೊಳೆಗೆ ಬಂದದ್ದು ಹೀಗೆ, ಈ ಊರಿನಲ್ಲಿ.

ಆದರೂ ಸೀಸದ ಮೊಳೆ ಪುಸ್ತಕದ ಪುಟಕ್ಕೆ ಸಾಕು, ಗಿರಣಿಯ ಗೋಡೆಗೆ ಸಾಲದು. ಅಲ್ಲಿ ಕುಂಚವೇ ಬೇಕು. ಅದೂ ಬಳ್ಳಾರಿಯಂಥ ಗಡಿ ಸೀಮೆಯಲ್ಲಿ ಎರಡು ಲಿಪಿ ಬಲ್ಲ ಕುಂಚ. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ರಾಜ್ಯ ಎರಡಾದರೂ ವ್ಯಾಪಾರ ನಿಲ್ಲಲಿಲ್ಲ. ಕನ್ನಡದ ತಲೆಕಟ್ಟು ಅಡ್ಡಕ್ಕೆ ಹರಿದು ತುದಿಯಲ್ಲಿ ಸುರುಳಿಯಾಗುತ್ತದೆ, ತೆಲುಗಿನದು ಬಲಕ್ಕೆ ಚಿಮ್ಮುತ್ತದೆ. ಬರೆಯುವವನಿಗೆ ಇದು ಮಣಿಕಟ್ಟಿನ ತಿರುವಿನ ವ್ಯತ್ಯಾಸ.

2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಹೆಸರು ‘ಬೆಲ್ಲಾರಿ’ಯಿಂದ ‘ಬಳ್ಳಾರಿ’ಯಾಯಿತು. ಇಂಗ್ಲಿಷ್ ಫಲಕ ತಿದ್ದಬೇಕಾಯಿತು. ಕನ್ನಡದ್ದಕ್ಕೆ ಆ ಕಷ್ಟವಿರಲಿಲ್ಲ. ಆ ಹೊತ್ತಿಗಾಗಲೇ ಫ್ಲೆಕ್ಸ್ ಬಂದು ಕುಂಚದವರ ಅನ್ನ ಕಸಿದಿತ್ತು. 2016ರ ಮಾರ್ಚ್‌ನಲ್ಲಿ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದರೂ ಹೋದ ಕಸುಬು ಆದೇಶದಿಂದ ಮರಳುವಂಥದ್ದಲ್ಲ.

ಈಗ ದಪ್ಪ ಅಕ್ಷರ ಕಂಪ್ಯೂಟರಿನಲ್ಲೇ ಸಿಗುತ್ತದೆ. ಏಕ್ ಟೈಪ್ ಸಂಸ್ಥೆಯ ‘ಬಲೂ’ ಎಂಬ ಉಚಿತ ಅಕ್ಷರ ಮಾದರಿಯ ಕನ್ನಡ ರೂಪಕ್ಕೆ ‘ತಮ್ಮ’ ಎಂದು ಹೆಸರು, ತೆಲುಗಿನದಕ್ಕೆ ‘ತಮ್ಮುಡು’. ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥ ಮಾದರಿ ಸಿದ್ಧಪಡಿಸುವವರು ಕಾಗುಣಿತ, ಒತ್ತು ಸೇರಿ ನೂರಾರು ಆಕಾರಗಳನ್ನು ಒಂದೊಂದಾಗಿ ರೂಪಿಸಬೇಕು. ಹಾಗೆ ರೂಪಿಸಿದ್ದು ಆಮೇಲೆ ಎಲ್ಲೆಡೆಯೂ ಅದೇ. ಗೋಡೆಯ ‘ಕುರುಗೋಡು’ವಿನಲ್ಲಾದರೆ ಕೊನೆಯ ಕೊಂಬು, ಮುಂದೆ ಜಾಗ ಉಳಿದಿದ್ದರೆ, ಗೇಣುದ್ದ ಹೆಚ್ಚೇ ಚಾಚುತ್ತಿತ್ತು.