ಸಾಕಿದವರ ಋಣ

1973ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಒಕ್ಲಹೋಮದಲ್ಲಿ ಚಿಂಪಾಂಜಿ ಮರಿಯೊಂದು ಹುಟ್ಟಿತು. ಕೆಲವೇ ದಿನಗಳಲ್ಲಿ ತಾಯಿಗೆ ಮತ್ತಿನ ಮದ್ದನ್ನಿತ್ತು ಮರಿಯನ್ನು ಅಗಲಿಸಲಾಯಿತು. ವಾನರವು ಭಾಷೆಯನ್ನು ಕಲಿಯಬಲ್ಲುದೇ ಎಂಬುದು ಕೊಲಂಬಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಟೆರೇಸ್ ಅವರ ಜಿಜ್ಞಾಸೆ. ಅದಕ್ಕಾಗಿ ನಿಮ್ ಎಂಬ ಹೆಸರಿನ ಆ ಮರಿ ನ್ಯೂಯಾರ್ಕಿನ ಗೃಹಸ್ಥರೊಬ್ಬರ ಮನೆಯಲ್ಲಿ, ಮಕ್ಕಳ ನಡುವೆ, ಬಟ್ಟೆ ತೊಟ್ಟು ಬೆಳೆಯಿತು. ಕಿವುಡರ ಕೈಸನ್ನೆಗಳಲ್ಲಿ ನೂರಕ್ಕೂ ಮಿಕ್ಕು ಕಲಿಯಿತು.

1977ರಲ್ಲಿ ಪ್ರಯೋಗ ಮುಗಿಯಿತು. ನಿಮ್ ಒಕ್ಲಹೋಮದ ಪಂಜರಕ್ಕೆ ಮರಳಿತು. ವರ್ಷದ ಬಳಿಕ ಟೆರೇಸ್ ನೋಡಲು ಬಂದಾಗ ಅದು ಗುರುತು ಹಿಡಿದು, ಹರ್ಷದಿಂದ ಕೂಗಿ ಅವರನ್ನು ಅಪ್ಪಿಕೊಂಡಿತು. ಅವರು ಹಿಂದಿರುಗಿದರು, ಅದು ಅಲ್ಲಿಯೇ ಉಳಿಯಿತು. ನಿಮ್ ವಾಕ್ಯವನ್ನು ರಚಿಸಲಾರದೆಂಬ ಅವರ ನಿರ್ಣಯ 1979ರಲ್ಲಿ ಪ್ರಕಟವಾಯಿತು. ವಾಕ್ಯದ ಚರ್ಚೆಯನ್ನು ವಿದ್ವಾಂಸರು ಮಾಡಿಕೊಳ್ಳಲಿ. ಆ ಅಪ್ಪುಗೆಯನ್ನು ಅರಿಯಲು ವ್ಯಾಕರಣ ಬೇಕೆ? ಮನುಷ್ಯರನ್ನೇ ಬಂಧುಗಳೆಂದು ನಂಬುವಂತೆ ಬೆಳೆಸಿದ ಮೇಲೆ, ಆ ನಂಟು ಪ್ರಯೋಗದೊಡನೆ ತೀರುವುದೆಂತು?

1982ರಲ್ಲಿ ನಿಮ್ ಅನ್ನು ನ್ಯೂಯಾರ್ಕಿನ ವೈದ್ಯಕೀಯ ಪ್ರಯೋಗಾಲಯಕ್ಕೆ ಮಾರಲಾಯಿತು. ಪತ್ರಿಕೆಗಳೂ ಹಿಂದಿನ ಒಡನಾಡಿಗಳೂ ಪ್ರತಿಭಟಿಸಿದ್ದರಿಂದ ಬಿಡುಗಡೆ ದೊರೆತು, ಟೆಕ್ಸಾಸಿನ ಪ್ರಾಣಿರಕ್ಷಣಾ ಧಾಮವೊಂದನ್ನು ಸೇರಿತು. ಕಲಿತ ಸನ್ನೆಗಳನ್ನು ಅಲ್ಲಿಯೂ ಮರೆಯಲಿಲ್ಲ. 2000ದ ಮಾರ್ಚ್‌ನಲ್ಲಿ, 26ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ಅಸುನೀಗಿತು.