ಗಂಧದೆಣ್ಣೆ, ಮೈಲುತುತ್ತ ಮತ್ತು 1917ರ ಅಧಿವೇಶನ

ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಗೆ ಹೋದವರು ಅಲ್ಲಿನ ಲಕ್ಷ್ಮೀನರಸಿಂಹ, ಸೋಮೇಶ್ವರ ಗುಡಿಗಳ ಕೆತ್ತನೆ ನೋಡಿ ಹೊಯ್ಸಳ ಶಿಲ್ಪಿಯ ಕೈಚಳಕವನ್ನು ಕೊಂಡಾಡುತ್ತಾರೆ. ಆ ಕೈಗೆ ಒದಗಿಬಂದ ಕಲ್ಲಿನ ಮಾತು ಬರುವುದು ಕಡಿಮೆ. ಬಳಪದ ಕಲ್ಲು ಎಂದು ನಾವು ಕರೆಯುವ ಈ ಶಿಲೆಯಲ್ಲಿ ಕ್ಲೋರೈಟ್, ಟಾಲ್ಕ್‌ನಂಥ ಮೆಗ್ನೀಸಿಯಂ ಸಿಲಿಕೇಟುಗಳು ತೆಳು ಪದರಗಳಾಗಿ ಕೂತಿರುತ್ತವೆ. ಪದರ ಪದರದ ನಡುವಿನ ಹಿಡಿತ ಸಡಿಲ. ಉಳಿಗೆ ಕಲ್ಲು ಮಣಿಯುವುದು ಆ ಸಡಿಲದಿಂದಲೇ. 13ನೇ ಶತಮಾನದ ಕುಶಲಿಗೆ ಸಿಲಿಕೇಟ್ ಎಂಬ ಹೆಸರು ಗೊತ್ತಿರಲಿಲ್ಲ, ಕಲ್ಲಿನ ಗುಣ ಚೆನ್ನಾಗಿ ಗೊತ್ತಿತ್ತು. ಇದೇ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲಿ, ಬೈರಾಪುರದ ಗಣಿಯಲ್ಲಿ, ಕ್ರೋಮೈಟ್ ಅದಿರಿದೆ. ಚರ್ಮ ಹದಮಾಡುವ ಕ್ರೋಮಿಯಂ ಲವಣಗಳಿಗೆ ಆ ಅದಿರೇ ಮೂಲ. ಅರಸೀಕೆರೆಯ ಸುತ್ತ ತೆಂಗು, ಬೇಲೂರಿನ ಪಡುವಣಕ್ಕೆ ಕಾಫಿ. ರಸಾಯನವಿಜ್ಞಾನಿಗೆ ಕೆಲಸ ಕೊಡುವ ವಸ್ತುಗಳು ಹೀಗೆ ಒಂದರ ಮಗ್ಗುಲಿಗೊಂದು ಇರುವ ನಾಡಿನಲ್ಲಿ, ರಸಾಯನ ಸಂಶೋಧನೆಯ ಚರಿತ್ರೆಯನ್ನು ರಾಜಧಾನಿಯ ಸಭಾಂಗಣದಿಂದ ಶುರುಮಾಡಿದರೆ ಅರ್ಧ ಕಥೆ ಕೈಬಿಟ್ಟಂತೆ. ನಮ್ಮಲ್ಲಿ ಈ ಸಂಶೋಧನೆ ಬೇರು ಬಿಟ್ಟದ್ದು ಜಿಲ್ಲೆಗಳ ಮರದಲ್ಲಿ, ಅದಿರಿನಲ್ಲಿ, ತೋಟದ ರೋಗದಲ್ಲಿ. ಸಮ್ಮೇಳನಗಳು ಆ ಬೇರಿಗೆ ನೀರೆರೆದವು ಎಂಬುದು ನನ್ನ ವಾದ.

ಸಮ್ಮೇಳನದ ಪಾತ್ರವನ್ನು ಕಿರಿದಾಗಿಸಲು ಈ ಮಾತು ಹೇಳುತ್ತಿಲ್ಲ. ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಕನಸು ಕಂಡವರು ಇಬ್ಬರು ರಸಾಯನಶಾಸ್ತ್ರಜ್ಞರು: ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಜೆ.ಎಲ್. ಸೈಮನ್‌ಸನ್ ಮತ್ತು ಲಖನೌದ ಪಿ.ಎಸ್. ಮ್ಯಾಕ್‌ಮಹೋನ್. 1914ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ಆಶುತೋಷ ಮುಖರ್ಜಿಯವರ ಅಧ್ಯಕ್ಷತೆಯಲ್ಲಿ ಮೊದಲ ಅಧಿವೇಶನ ನಡೆದಾಗ ಸೇರಿದ್ದವರು 105 ಮಂದಿ, ಓದಿದ ಪ್ರಬಂಧಗಳು 35. ಮೂರೇ ವರ್ಷದಲ್ಲಿ, 1917ರಲ್ಲಿ, ನಾಲ್ಕನೆಯ ಅಧಿವೇಶನ ಬೆಂಗಳೂರಿಗೆ ಬಂತು. 1924ರಲ್ಲಿ ಮತ್ತೆ ಬೆಂಗಳೂರಿಗೇ. ಕಲ್ಕತ್ತೆಯಲ್ಲಿ ಪ್ರಫುಲ್ಲಚಂದ್ರ ರಾಯ್ ಅವರನ್ನು ಮೊದಲ ಅಧ್ಯಕ್ಷರನ್ನಾಗಿಸಿಕೊಂಡು ಇಂಡಿಯನ್ ಕೆಮಿಕಲ್ ಸೊಸೈಟಿ ಹುಟ್ಟಿದ್ದೂ ಆ ವರ್ಷವೇ. ಚದುರಿಹೋಗಿದ್ದ ಕೆಲಸಗಾರರಿಗೆ ಒಬ್ಬರ ವಿಧಾನವನ್ನು ಇನ್ನೊಬ್ಬರು ಒರೆಗೆ ಹಚ್ಚುವ ಒಂದು ಕಟ್ಟೆ ಬೇಕಿತ್ತು, ಅದು ಸಿಕ್ಕಿತು. ಆದರೆ ಆ ಕಟ್ಟೆಯ ಮೇಲೆ ಕೂತವರ ಜೋಳಿಗೆಯಲ್ಲಿ ಏನಿತ್ತು ನೋಡಿ. ಸೈಮನ್‌ಸನ್ ಹೆಸರು ಉಳಿದಿರುವುದು ಹಿಮಾಲಯದ ಚೀರ್ ಮರದ ಟರ್ಪೆಂಟೈನಿನಲ್ಲಿ ಅವರು ಗುರುತಿಸಿದ ಕೆರೀನ್, ಲಾಂಗಿಫೋಲೀನ್ ಎಂಬ ಸಂಯುಕ್ತಗಳಿಂದ. ಅದೇ ಸೈಮನ್‌ಸನ್ 1925ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸಾವಯವ ರಸಾಯನದ ಪ್ರಾಧ್ಯಾಪಕರಾಗಿ ಬಂದರು. ಕಾಂಗ್ರೆಸ್ ಕಟ್ಟಿದ ಮನುಷ್ಯ ಈ ನೆಲದ ಮರದ ಅಂಟಿನಿಂದಲೇ ವಿಜ್ಞಾನಿ ಎನಿಸಿಕೊಂಡದ್ದು.

ವಿಜ್ಞಾನ ಸಂಸ್ಥೆಯ ಹುಟ್ಟಿನಲ್ಲೂ ರಸಾಯನದ್ದೇ ದೊಡ್ಡ ಪಾಲು. ಸಂಸ್ಥೆಗೆ ಬೆಂಗಳೂರು ತಕ್ಕ ಜಾಗವೆಂದು ಹೇಳಿದವರು ರಸಾಯನಶಾಸ್ತ್ರಜ್ಞ ವಿಲಿಯಂ ರಾಮ್ಸೆ. ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್, ರಾಮ್ಸೆಯ ಜೊತೆ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಅನಿಲಗಳನ್ನು ಪತ್ತೆಮಾಡಿದವರು. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆಯಲ್ಲಿ 1911ರಲ್ಲಿ ಪಾಠ ಆರಂಭವಾದಾಗ ರಸಾಯನ ಮತ್ತು ವಿದ್ಯುತ್ ತಂತ್ರಜ್ಞಾನಗಳೇ ಮುಂದಿದ್ದವು. ಕೆಲವೇ ವರ್ಷದಲ್ಲಿ ಯುದ್ಧ ಬಂತು. ಅಲ್ಲಿಯವರೆಗೆ ಮೈಸೂರಿನ ಶ್ರೀಗಂಧ ಹರಾಜಾಗಿ ಹಡಗೇರಿ ಹೊರದೇಶಕ್ಕೆ, ಬಹುಪಾಲು ಜರ್ಮನಿಗೆ, ಹೋಗುತ್ತಿತ್ತು. ಎಣ್ಣೆ ಇಳಿಸುತ್ತಿದ್ದವರು ಅಲ್ಲಿಯವರು. 1914ರಲ್ಲಿ ಆ ದಾರಿ ಮುಚ್ಚಿದಾಗ ಕೊರಡು ಉಳಿಯಿತು, ಕೊಳ್ಳುವವರು ಉಳಿಯಲಿಲ್ಲ. ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಚಕ್ಕೆಯನ್ನು ಹಬೆಯಲ್ಲಿ ಬಟ್ಟಿಯಿಳಿಸುವ ಕ್ರಮವನ್ನು ಹದಕ್ಕೆ ತಂದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆಗಳು ಎದ್ದವು. ಅದರ ಬೆನ್ನಿಗೇ ಸಾಬೂನು ಕಾರ್ಖಾನೆ, ಎಸ್.ಜಿ. ಶಾಸ್ತ್ರಿಗಳ ಮೈಸೂರು ಸ್ಯಾಂಡಲ್. 1917ರ ಅಧಿವೇಶನಕ್ಕೆ ಬಂದ ವಿಜ್ಞಾನಿಗಳು ಬೆಂಗಳೂರಿನಲ್ಲಿ ಇಳಿದಾಗ ಇದೇ ಊರಿನಲ್ಲಿ ಬಟ್ಟಿಪಾತ್ರೆಗಳಿಂದ ಎಣ್ಣೆ ಇಳಿಯುತ್ತಿತ್ತು.

ಇದು ವ್ಯಾಪಾರದ ಕಥೆ, ಯುದ್ಧ ತಂದ ಅಡಚಣೆಗೆ ಸರ್ಕಾರ ಕಂಡುಕೊಂಡ ವರಮಾನದ ದಾರಿ. ಇದನ್ನು ಸಂಶೋಧನೆ ಎನ್ನಬಹುದೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಎಣ್ಣೆ ಮಾರುಕಟ್ಟೆಯಲ್ಲಿ ನಿಲ್ಲಬೇಕಾದರೆ ಅದರ ಪರಿಮಳದ ಮುಖ್ಯ ಅಂಶವಾದ ಸ್ಯಾಂಟಲಾಲ್ ಎಷ್ಟಿದೆಯೆಂದು ಅಳೆದು ಹೇಳಬೇಕಿತ್ತು. ಅಳತೆಗೆ ವಿಶ್ಲೇಷಣೆ ಬೇಕು, ವಿಶ್ಲೇಷಣೆಗೆ ಆ ಅಣುವಿನ ತಿಳಿವಳಿಕೆ ಬೇಕು. ಎಣ್ಣೆಗೆ ಬೆಲೆ ಬಂದ ಮೇಲೆ ಗಂಧದ ಮರಕ್ಕೆ ತಗಲುವ ಸ್ಪೈಕ್ ರೋಗದ ಚಿಂತೆ ಹೆಚ್ಚಿತು. ಎಲೆ ಕಿರಿದಾಗಿ, ರೆಂಬೆಯ ತುದಿಯಲ್ಲಿ ಮುಳ್ಳಿನಂತೆ ನೆಟ್ಟಗೆ ನಿಂತು ಮರವೇ ಸಾಯುವ ಈ ರೋಗವನ್ನು ಬೆನ್ನಟ್ಟಿ ಎಂ. ಶ್ರೀನಿವಾಸಯ್ಯ ಮತ್ತಿತರರು ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. ಖಜಾನೆಗೆ ಬೇಕಾಗಿದ್ದ ಎಣ್ಣೆ ಹೀಗೆ ಸಸ್ಯದ ಒಳರಸಾಯನದ ಅಧ್ಯಯನಕ್ಕೆ ದಾರಿ ಮಾಡಿತು. ಆ ವಿಭಾಗದಲ್ಲೇ ದುಡಿದ ವಿ. ಸುಬ್ರಹ್ಮಣ್ಯನ್ 1950ರಲ್ಲಿ ಮೈಸೂರಿನ ಆಹಾರ ಸಂಶೋಧನಾಲಯದ ಮೊದಲ ನಿರ್ದೇಶಕರಾದರು.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ವಿಜ್ಞಾನಕ್ಕೆ ಊರಿಲ್ಲ, ಜಿಲ್ಲೆಯ ಪ್ರಶ್ನೆ ಹಿಡಿದು ಕೂತವರು ಜಿಲ್ಲೆಯಷ್ಟೇ ದೊಡ್ಡವರಾಗುತ್ತಾರೆ. ಬೆಂಗಳೂರಿನಲ್ಲೇ ಹುಟ್ಟಿ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಸಿ.ಎನ್.ಆರ್. ರಾವ್ ಘನಸ್ಥಿತಿ ರಸಾಯನದಲ್ಲಿ ಜಗತ್ತಿನ ಮುಂಚೂಣಿಗೆ ಬಂದದ್ದು ಗಂಧದಿಂದಲೂ ಅಲ್ಲ, ಕಾಫಿಯಿಂದಲೂ ಅಲ್ಲ. ಇದನ್ನು ಒಪ್ಪಲೇಬೇಕು. ಆದರೂ ಅವರು 1976ರಲ್ಲಿ ಹೊಸ ಘಟಕ ಕಟ್ಟಲು ವಿಜ್ಞಾನ ಸಂಸ್ಥೆಗೆ ಬಂದಾಗ ಅಲ್ಲಿ ಆರು ದಶಕಗಳ ಪ್ರಯೋಗಾಲಯದ ರೂಢಿಯಿತ್ತು, ಗ್ರಂಥಾಲಯವಿತ್ತು, ರಾಮನ್ 1934ರಲ್ಲಿ ಸ್ಥಾಪಿಸಿದ ಅಕಾಡೆಮಿಯ ಪತ್ರಿಕೆಗಳಿದ್ದವು. ಇವೆಲ್ಲ ಮೊದಲು ಬೆಳೆದದ್ದು ನೆಲದ ಕೆಲಸದ ಆಸರೆಯಿಂದ. 1999ರಲ್ಲಿ ರಾವ್ ಅವರ ಮುಂದಾಳುತನದಲ್ಲಿ ಭಾರತೀಯ ರಸಾಯನ ಸಂಶೋಧನಾ ಸೊಸೈಟಿ ಶುರುವಾದದ್ದೂ ಇದೇ ಆವರಣದಲ್ಲಿ. ಊರೂರಿಗೆ ತಿರುಗುವ ಅದರ ಸಮ್ಮೇಳನಗಳಲ್ಲಿ ಸಣ್ಣ ಊರಿನ ಕಾಲೇಜಿನ ಸಂಶೋಧಕ ವಿದ್ಯಾರ್ಥಿಯೂ ತನ್ನ ಫಲಕದ ಮುಂದೆ ನಿಂತು ಹಿರಿಯರ ಪ್ರಶ್ನೆಗೆ ಉತ್ತರ ಕೊಡಬಹುದು.

ಭಾಷೆಯ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಈ ಅಧಿವೇಶನಗಳೆಲ್ಲ ಇಂಗ್ಲಿಷಿನಲ್ಲಿ ನಡೆದವು. ಹಾರನಹಳ್ಳಿಯ ತೆಂಗಿನ ಬೆಳೆಗಾರನಿಗೆ ಅಲ್ಲಿ ಕಿವಿಯೂ ಇರಲಿಲ್ಲ, ಬಾಯಿಯೂ ಇರಲಿಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶಯ್ಯಂಗಾರ್ ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿ ಕನ್ನಡದಲ್ಲಿ ಆ ಮಾತು ಆಡತೊಡಗಿದರು. ಅದು ಕೆಲವೇ ವರ್ಷ ಬದುಕಿತು. ಇದು ದೊಡ್ಡ ನಷ್ಟ. ಆದರೆ ರಸಾಯನ ತೋಟಕ್ಕೆ ಇಳಿಯಲು ಇನ್ನೊಂದು ದಾರಿಯಿತ್ತು. ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರಿಗೆ ಬಂದಾಗ ಮಲೆನಾಡಿನ ಅಡಿಕೆಗೆ ಕೊಳೆರೋಗದ ಕಾಟ. ಬೆಳೆಗಾರರು ಮಳೆಗೆ ಮುಂಚೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಕಾಯುತ್ತಿದ್ದರು. ರೋಗಕ್ಕೆ ಕಾರಣ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಯೆಂದು ಕೋಲ್ಮನ್ 1910ರಲ್ಲಿ ತೋರಿಸಿ, ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು ಇಲ್ಲಿ ರೂಢಿಗೆ ತಂದರು. ಕಾಫಿಗೆಂದು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದೂ ಅವರ ಕಾಲದಲ್ಲೇ. ಮಳೆ ಹಿಡಿಯುವ ಮೊದಲು ಮದ್ದು ಹೊಡೆಯುವುದು ಇಂದು ಅಡಿಕೆ ತೋಟದಲ್ಲೂ ಬೇಲೂರು ಕಡೆಯ ಕಾಫಿ ತೋಟದಲ್ಲೂ ಮನೆಮಾತು. ಶೇಕಡ 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನ ಸುರಿದು ಕೋಲಿನಿಂದ ತಿರುವುತ್ತಾರೆ. ಆಕಾಶದ ಬಣ್ಣ ಬರುತ್ತದೆ. ಆಮೇಲೆ ಉಜ್ಜಿ ಬೆಳಗಿದ ಕಬ್ಬಿಣದ ಕತ್ತಿಯೊಂದನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ಮೈಲುತುತ್ತದಿಂದ ಬಿಡಿಯಾಗಿ ಉಳಿದ ತಾಮ್ರ ಕಬ್ಬಿಣದ ಜಾಗ ಹಿಡಿದಿದೆ ಎಂದರ್ಥ. ಆ ಮದ್ದು ಎಲೆಯನ್ನೇ ಸುಡುತ್ತದೆ. ಇನ್ನಷ್ಟು ಸುಣ್ಣದ ನೀರು ಹಾಕಿ, ತಿರುವಿ, ಕತ್ತಿಯನ್ನು ಒರೆಸಿ ಮತ್ತೆ ಅದ್ದುತ್ತಾರೆ.